ಓಕ್‌ಮಾಸ್ ಪಾಚಿ ಅಲ್ಲ, ಕಲ್ಲುಹೂವಿನ ಬಳಗ

ಮಾನ್ಯ ಸಂಪಾದಕರೇ,

ಪರ್ಫ್ಯೂಮ್ ಬಗ್ಗೆ ಕನ್ನಡದಲ್ಲಿ ಬರೆಯೋರು ಸೆಂಟಿಗೆ ಹಾಕೋ ‘ಓಕ್‌ಮಾಸ್’ ಅನ್ನೋ ಪದ ಸಿಕ್ಕಿದ ಕೂಡ್ಲೇ, ಇಂಗ್ಲಿಷ್‌ನ ‘ಮಾಸ್’ ಅಂದ್ರೆ ಪಾಚಿ ಅಂದ್ಕೊಂಡು ‘ಪಾಚಿಯ ಪರಿಮಳ’ ಅಂತ ಬರೆದುಬಿಡ್ತಾರೆ, ಓದಿದೋರಿಗೆ ಬಚ್ಚಲ ಕಲ್ಲಿನ ಮೇಲೆ ಜಾರೋ ಹಸಿರೇ ಕಣ್ಮುಂದೆ ಬರುತ್ತೆ. ದಯವಿಟ್ಟು ಹಾಗೆ ಬರೀಬೇಡಿ. ಅದು ಪಾಚಿ ಅಲ್ಲವೇ ಅಲ್ಲ, ನಮ್ಮ ಮಸಾಲೆ ಡಬ್ಬದಲ್ಲಿ ಚಕ್ಕೆ, ಮರಾಠಿ ಮೊಗ್ಗಿನ ಜೊತೆ ಬೂದು ಬಣ್ಣದ ಒಣ ಸಿಪ್ಪೆ ಥರ ಇರುತ್ತಲ್ಲ, ಆ ಕಲ್ಲುಹೂವಿನ ಬಳಗದ್ದು. ಶಿಲೀಂಧ್ರ (ಫಂಗಸ್), ಶೈವಲ (ಆಲ್ಗೆ) ಎರಡೂ ಒಂದಾಗಿ ಬದುಕೋ ಜೀವಿ, ಬೆಳೆಯೋದು ತುಂಬಾ ನಿಧಾನ.

ಕಲ್ಲುಹೂವನ್ನ ಹಾಗೇ ಮೂಸಿದ್ರೆ ಅಂಥದ್ದೇನೂ ಗೊತ್ತಾಗಲ್ಲ, ಕಾದ ಎಣ್ಣೆಗೆ ಬಿದ್ದ ಮೇಲೇ ಮನೆಯೆಲ್ಲಾ ಘಮ್ ಅನ್ನೋದು. ಓಕ್‌ಮಾಸೂ ಹಾಗೇ, ಯುರೋಪಿನ ಓಕ್ ಮರದಿಂದ ಕಿತ್ತಾಗ ಘಮ ಕಮ್ಮಿ, ಒಣಗಿಸಿ ಸಾಲ್ವೆಂಟ್‌ನಲ್ಲಿ ಸಾರ ತೆಗೆದಾಗ ಮಳೆ ನಿಂತ ಕಾಡಿನ ತೊಗಟೆ, ಒದ್ದೆ ಮಣ್ಣಿನ ವಾಸನೆ ಬರುತ್ತೆ. 1917ರಲ್ಲಿ ಫ್ರೆಂಚ್ ಸುಗಂಧ ತಯಾರಕ ಫ್ರಾಂಸ್ವಾ ಕೋಟಿ ಇದನ್ನ ಬೆರ್ಗಮಾಟ್ ಅನ್ನೋ ನಿಂಬೆ ಜಾತಿಯ ಹಣ್ಣಿನ ಎಣ್ಣೆ, ಲ್ಯಾಬ್ಡನಮ್ ಅನ್ನೋ ಗಿಡದ ಅಂಟಿನ ಜೊತೆ ಸೇರಿಸಿ ‘ಶೀಪ್ರ್’ ಅನ್ನೋ ಪರ್ಫ್ಯೂಮ್ ಮಾಡಿದ್ರು, ಆಮೇಲೆ ಆ ಥರದ ಸುಗಂಧಗಳಿಗೆಲ್ಲಾ ಅದೇ ಹೆಸರು ನಿಂತ್ಹೋಯ್ತು, 1919ರಲ್ಲಿ ಗೆರ್ಲಾನ್ ಕಂಪನಿ ತಂದ ‘ಮಿತ್ಸುಕೊ’ ಕೂಡ ಅದೇ ಸಾಲಿನದು. ಅತ್ತರಿಗೆ ಹೆಸರಾದ ನಮ್ಮ ಉತ್ತರ ಪ್ರದೇಶದ ಕನೌಜ್‌ನೋರು ‘ಶಮಾಮಾ’ ಅನ್ನೋ ಅತ್ತರಿಗೆ ಹಾಕೋ ಛರೀಲಾ ಕೂಡ ಕಲ್ಲುಹೂವೇ, ಇದನ್ನಂತೂ ಯಾರೂ ಬರೆಯೋದೇ ಇಲ್ಲ, ನಂಗೆ ಬೇಜಾರು ಇರೋದು ಅದಕ್ಕೇ.

ಇನ್ನೊಂದು ಮಾತು, ‘ನ್ಯಾಚುರಲ್, ಹಾಗಾಗಿ ಸೇಫ್’ ಅಂತಾನೂ ಬರೀತಾರೆ. ಓಕ್‌ಮಾಸ್ ಸಾರದಲ್ಲಿರೋ ಅಟ್ರನಾಲ್, ಕ್ಲೋರೋಅಟ್ರನಾಲ್ ಅನ್ನೋ ರಾಸಾಯನಿಕಗಳು ಕೆಲವರ ಚರ್ಮಕ್ಕೆ ಜೋರು ಅಲರ್ಜಿ ಮಾಡ್ತವೆ, ಅದಕ್ಕೇ ಯುರೋಪಿಯನ್ ಯೂನಿಯನ್ 2017ರಲ್ಲಿ ಕಾಸ್ಮೆಟಿಕ್ಸ್‌ನಲ್ಲಿ ಇವೆರಡನ್ನೂ ಬ್ಯಾನ್ ಮಾಡಿ 2021ರ ಆಗಸ್ಟ್ ಹೊತ್ತಿಗೆ ಅಂಗಡಿಗಳಿಂದಾನೂ ತೆಗೆಸ್ತು. ಈಗ ಅವನ್ನ ಬಹುಪಾಲು ತೆಗೆದ ಓಕ್‌ಮಾಸ್ ಹಾಕ್ತಾರೆ, ಇಲ್ಲಾಂದ್ರೆ ಅದೇ ಥರ ವಾಸನೆ ಬರೋ, ಲ್ಯಾಬ್‌ನಲ್ಲಿ ಮಾಡಿದ ಎವರ್ನಿಲ್. ನಮ್ಮಕ್ಕನಿಗೆ ಯಾವುದೋ ಹಳೇ ಬಾಟಲಿ ಸೆಂಟ್ ಹಾಕ್ಕೊಂಡು ಕತ್ತೆಲ್ಲಾ ಕೆಂಪಾಗಿ ವಾರಗಟ್ಟಲೆ ತುರಿಸಿತ್ತು, ಲೇಬಲ್ ಮೇಲೆ ‘ಎವರ್ನಿಯಾ ಪ್ರುನಾಸ್ಟ್ರಿ’ ಅಂತ ಇತ್ತು, ಅದೇ ಓಕ್‌ಮಾಸ್ ಅಂತ ಮನೇಲಿ ಯಾರಿಗೂ ಗೊತ್ತಿರ್ಲಿಲ್ಲ. ಕಾರಣ ಅದೇನಾ ಅಂತ ಟೆಸ್ಟ್ ಮಾಡಿಸಿಲ್ಲ, ಆದ್ರೆ ಹೆಸರು ಗೊತ್ತಿದ್ರೆ ಡಾಕ್ಟರ್ ಹತ್ರ ಹೇಳೋಕಾದ್ರೂ ಆಗ್ತಿತ್ತು.

ಮುಂದಿನ ಸಲ ಈ ವಿಷಯ ಬಂದಾಗ ‘ಕಲ್ಲುಹೂವಿನ ಜಾತಿ’ ಅಂತಾನೇ ಹಾಕಿ, ಲೇಬಲ್‌ನಲ್ಲಿರೋ ಆ ಹೆಸರನ್ನೂ ಕನ್ನಡದಲ್ಲಿ ಕೊಡಿ.

ಇಂತಿ,
ನಿಮ್ಮ ಓದುಗ, ತುಮಕೂರು