ಗೋಡೆಯ ಮೇಲೊಂದು ಹ್ಯಾಂಗರ್

ಪ್ರೀತಿಯ ಗೆಳೆಯಾ,

ಮೂರು ದಿನದಿಂದ ಒಂದೇ ಫೋಟೊ ತಲೆಯಲ್ಲಿ ಕೂತಿದೆ. ಬರಿ ಗೋಡೆ, ಅದರ ಮೇಲೆ ತೂಗುವ ಒಂದು ತಂತಿ ಹ್ಯಾಂಗರ್. ಅಷ್ಟೇ. ಜಪಾನಿನ ಫೋಟೊಗ್ರಾಫರ್ ಕಿತಾಯಿ ಕಝುವೊ ಅದನ್ನು ತೆಗೆದದ್ದು 1968ರಲ್ಲಿ, ಟೋಕಿಯೊದ ನಿಹೋನ್ ವಿಶ್ವವಿದ್ಯಾಲಯದ ಕಲಾ ವಿಭಾಗದಲ್ಲಿ.

ಆ ವರ್ಷ ಆ ವಿಶ್ವವಿದ್ಯಾಲಯದ ಸುಮಾರು 200 ಕೋಟಿ ಯೆನ್‌ಗೆ ಲೆಕ್ಕವೇ ಇಲ್ಲ ಅನ್ನೋದು ತೆರಿಗೆ ಅಧಿಕಾರಿಗಳಿಂದ ಹೊರಬಿತ್ತು. ಹುಡುಗರು ಸಿಡಿದೆದ್ದರು. ಮೇಜು ಕುರ್ಚಿ ಒಟ್ಟಿ, ಬಾಗಿಲು ಕಟ್ಟಿ, ತಿಂಗಳುಗಟ್ಟಲೆ ಒಳಗೇ ಉಳಿದರು. ಕಿತಾಯಿ ಅದೇ ಕಾಲೇಜಲ್ಲಿ ಫೋಟೊಗ್ರಫಿ ಓದಿ ಅರ್ಧಕ್ಕೆ ಬಿಟ್ಟವರು.

ಹೊಡೆದಾಟದ ಚಿತ್ರ ತೆಗೆಯಲು ಬಾರದೆ ಹ್ಯಾಂಗರ್ ತೆಗೆದರು ಅಂದುಕೊಳ್ಳಬೇಡ. 1964ರಲ್ಲಿ ಯೊಕೊಸುಕ ಬಂದರಿಗೆ ಅಮೆರಿಕದ ಅಣು ಜಲಾಂತರ್ಗಾಮಿ ಬರೋದನ್ನ ವಿರೋಧಿಸಿದವರ ನಡುವೆ ಅವರೂ ಇದ್ದರು. ಆಗ ಸುಮಾರು ಇಪ್ಪತ್ತು ವರ್ಷ. ಅಲ್ಲಿ ತೆಗೆದ ಚಿತ್ರಗಳೆಲ್ಲ ಅಲುಗಿವೆ, ಒರಟೊರಟಾಗಿವೆ. ಮರುವರ್ಷ ತಾವೇ ದುಡ್ಡು ಹಾಕಿ ಪುಸ್ತಕ ಮಾಡಿದರು. ಹೆಸರು ‘ತೇಕೋ’, ಅಂದ್ರೆ ಪ್ರತಿರೋಧ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಹ್ಯಾಂಗರೇ. ಅದರಲ್ಲಿ ಬಟ್ಟೆ ಇಲ್ಲ, ಹುಡುಗನೂ ಇಲ್ಲ. ಆದ್ರೂ ಯಾರೋ ಒಬ್ಬ ಅಂಗಿ ಒಗೆದು, ಒಣಗಿಸಿ, ಹಾಕಿಕೊಂಡು ಹೊರಟಿದ್ದಾನೆ ಅನ್ನಿಸುತ್ತೆ. ಘೋಷಣೆ ಕೂಗಿದವನಿಗೂ ನಾಳೆಗೊಂದು ಒಣ ಅಂಗಿ ಬೇಕಲ್ವಾ?

ಅಲ್ಲಿಂದ ಮುಂದೆ ಕಿತಾಯಿ ಹೋದದ್ದು ಟೋಕಿಯೊ ಹತ್ತಿರದ ಸಾನ್ರಿಝುಕ ಅನ್ನೋ ರೈತರ ಊರಿಗೆ. ಅಲ್ಲಿನ ರೈತರನ್ನು ಒಂದು ಮಾತೂ ಕೇಳದೆ ಸರ್ಕಾರ 1966ರಲ್ಲಿ ನರಿಟ ವಿಮಾನ ನಿಲ್ದಾಣಕ್ಕೆ ಆ ಜಾಗ ಗೊತ್ತು ಮಾಡಿತ್ತು. ಎರಡನೇ ಮಹಾಯುದ್ಧ ಮುಗಿದ ಮೇಲೆ, ಆವರೆಗೆ ಜಪಾನಿನ ಹಿಡಿತದಲ್ಲಿದ್ದ ಈಶಾನ್ಯ ಚೀನಾದ ಮಂಚೂರಿಯಾದಿಂದ ಬರಿಗೈಲಿ ಬಂದು, ಕಾಡು ಕಡಿದು ಹೊಲ ಮಾಡಿಕೊಂಡವರು ಅವರಲ್ಲಿ ಬಹಳ ಜನ. ಕಿತಾಯಿ ಹುಟ್ಟಿದ್ದೂ ಮಂಚೂರಿಯಾದಲ್ಲೇ. ವಿದ್ಯಾರ್ಥಿಗಳು ಹೆಲ್ಮೆಟ್ ಹಾಕಿಕೊಂಡು ರೈತರ ಜೊತೆ ನಿಂತರು. ಹೆಂಗಸರು ಮರಕ್ಕೆ ತಮ್ಮನ್ನು ಸರಪಳಿಯಿಂದ ಕಟ್ಟಿಕೊಂಡರು. 1971ರ ಸೆಪ್ಟೆಂಬರಿನ ಘರ್ಷಣೆಯಲ್ಲಿ ಮೂವರು ಪೊಲೀಸರು ಸತ್ತರು. ಅದನ್ನು ನಾನು ಮುಚ್ಚಿಡಲಾರೆ. ಕಿತಾಯಿ ನಿಂತದ್ದು ರೈತರ ಕಡೆ, ಆ ಮೂವರ ಮನೆಯ ದುಃಖಕ್ಕೆ ಬೇರೆ ಕ್ಯಾಮೆರಾ ಬೇಕಿತ್ತು.

ಕೊನೆಗೆ ನಿಲ್ದಾಣ 1978ರಲ್ಲಿ ತೆರೆಯಿತು.

ಮುಂದಿನ ಸಲ ಮೆರವಣಿಗೆಗೆ ಕ್ಯಾಮೆರಾ ಹಿಡಿದು ಹೋದಾಗ, ಎತ್ತಿದ ಮುಷ್ಟಿಯೊಂದನ್ನೇ ತೆಗೆದು ಓಡಿಬರಬೇಡ ಕಣೋ. ಊಟದ ಹೊತ್ತಿನವರೆಗೂ ಅಲ್ಲೇ ಸುಮ್ನೆ ಕೂತಿರು. ಯಾರು ಯಾರಿಗೆ ನೀರು ಕೊಟ್ಟರು, ಚಪ್ಪಲಿ ಎಲ್ಲಿ ಬಿಟ್ಟರು, ನೋಡು. ತೆಗೆದದ್ದನ್ನು ನನಗೆ ಕಳಿಸು.

ನಿನ್ನವ