ಮೋಟರಿನ ಸಿಮ್‌ಗೂ ಮನುಷ್ಯರ ರೀಚಾರ್ಜೇ?

ಮಾನ್ಯ ಸಂಪಾದಕರೇ,

ಅಫಜಲಪುರ ತಾಲ್ಲೂಕಿನ ಭೀಮಾ ತೀರದ ಕಬ್ಬು ಬೆಳೆಗಾರರಿಗೆ ಮೊಬೈಲ್ ಸ್ಟಾರ್ಟರ್ ಈಗ ಹೊಸ ವಸ್ತುವೇನಲ್ಲ. ಪಂಪ್‌ಸೆಟ್‌ನ ಸ್ಟಾರ್ಟರ್ ಪಕ್ಕದಲ್ಲಿ ಇನ್ನೊಂದು ಚಿಕ್ಕ ಡಬ್ಬಿ, ಅದರೊಳಗೊಂದು ಸಿಮ್. ಮನೆಯಿಂದಲೇ ಕರೆ ಮಾಡಿ ಮೋಟರ್ ಶುರು ಮಾಡಬಹುದು, ಬಂದ್ ಮಾಡಬಹುದು. ಹೊಸ ಮಾದರಿಗಳು ಇಂಟರ್‌ನೆಟ್ ಮೂಲಕ ಮೂರೂ ಫೇಸ್‌ಗಳ ವೋಲ್ಟೇಜನ್ನು ಆ್ಯಪ್‌ನಲ್ಲಿ ತೋರಿಸುತ್ತವೆ. ಕೊಳವೆಬಾವಿಯ ನೀರು ತಳ ಕಂಡರೆ ಮೋಟರ್ ಸುಡುವ ಮೊದಲೇ ನಿಲ್ಲಿಸುತ್ತವೆ. ತ್ರೀ ಫೇಸ್ ಕರೆಂಟ್ ರಾತ್ರಿ ಪಾಳಿಯಲ್ಲಿ ಬಂದಾಗ ಹಾವು-ಚೇಳಿಗೆ ಹೆದರುತ್ತಲೇ ಬ್ಯಾಟರಿ ಹಿಡಿದು ಹೊಲಕ್ಕೆ ಹೋಗುತ್ತಿದ್ದವರಿಗೆ ಇದರ ಬೆಲೆ ಗೊತ್ತು.

ತೊಡಕಿರುವುದು ಸಿಮ್‌ನಲ್ಲಿ. ಕಳೆದ ಕಾರ್ತಿಕದಲ್ಲಿ ಒಂದು ದಿನ ಸಂಜೆ ಕಬ್ಬಿಗೆ ನೀರು ಬಿಟ್ಟು ಮನೆಗೆ ಬಂದೆ. ಊಟ ಮುಗಿಸಿ ಮೋಟರ್ ನಿಲ್ಲಿಸಲು ಕರೆ ಮಾಡಿದರೆ, ಈ ಸಂಖ್ಯೆಗೆ ಒಳಬರುವ ಕರೆಗಳ ಸೌಲಭ್ಯವಿಲ್ಲ ಎಂಬ ಉತ್ತರ ಬಂತು. ಹೊಲಕ್ಕೆ ಹೋಗಿ ನೋಡುವಷ್ಟರಲ್ಲಿ ಬದು ಒಡೆದು, ಹೂವಿಗೆ ಬಂದಿದ್ದ ಪಕ್ಕದವರ ತೊಗರಿಯಲ್ಲಿ ಪಾದ ಮುಳುಗುವಷ್ಟು ನೀರು ನಿಂತಿತ್ತು. ರೀಚಾರ್ಜ್ ಅವಧಿ ಮುಗಿಯುತ್ತಿದೆ ಎಂಬ ಎಚ್ಚರಿಕೆಯ ಸಂದೇಶ ಬಂದಿರಲಿಲ್ಲವೆಂದಲ್ಲ. ಅದು ಬಂದದ್ದು ಹೊಲದ ಡಬ್ಬಿಯೊಳಗಿನ ಸಿಮ್‌ಗೆ. ಅಲ್ಲಿ ಅದನ್ನು ಓದುವವರು ಯಾರು?

ದೊಡ್ಡ ಉದ್ಯಮಗಳಲ್ಲಿ ಯಂತ್ರಗಳ ಸಂಪರ್ಕವನ್ನು ಹೀಗೆ ಅದೃಷ್ಟಕ್ಕೆ ಬಿಡುವುದಿಲ್ಲ. ಸಿಮೆಂಟ್, ಸಕ್ಕರೆ ಸೇರಿದಂತೆ 17 ಬಗೆಯ ಉದ್ಯಮಗಳು ಹೊಗೆ ಮತ್ತು ತ್ಯಾಜ್ಯನೀರಿನ ಅಳತೆಯನ್ನು ಉಪಕರಣಗಳ ಮೂಲಕ ನಿರಂತರವಾಗಿ ಆನ್‌ಲೈನ್‌ನಲ್ಲಿ ಕಳುಹಿಸಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2014ರಲ್ಲೇ ಸೂಚಿಸಿತ್ತು. ಸೇಡಂ, ವಾಡಿಯ ಸಿಮೆಂಟ್ ಕಾರ್ಖಾನೆಗಳೂ ಬೀದರಿನ ಸಕ್ಕರೆ ಕಾರ್ಖಾನೆಗಳೂ ಈ ವರ್ಗಕ್ಕೆ ಸೇರಿದವು. ಯಂತ್ರಗಳ ಸಿಮ್‌ಗಳಿಗೆಂದೇ 13 ಅಂಕಿಗಳ ಪ್ರತ್ಯೇಕ ಸಂಖ್ಯೆಯ ವ್ಯವಸ್ಥೆ 2018ರಿಂದ ದೇಶದಲ್ಲಿದೆ. ನಮ್ಮೂರಿನ ಮೊಬೈಲ್ ಅಂಗಡಿಯಲ್ಲಿ ಅಂಥ ಸಿಮ್ ಕೇಳಿದರೆ ಅಂಗಡಿಯವರು ನನ್ನ ಮುಖ ನೋಡಿದರು.

ಹೀಗಾಗಿ ರೈತನ ಮೋಟರಿಗೆ ಸಿಗುವುದು ಸಾಮಾನ್ಯ 10 ಅಂಕಿಯ ಸಿಮ್. ದಿನಕ್ಕೆ ಎರಡು ಕರೆಯನ್ನಷ್ಟೇ ಸ್ವೀಕರಿಸುವ ಡಬ್ಬಿಗೂ, ದಿನವಿಡೀ ವಿಡಿಯೊ ನೋಡುವ ಹುಡುಗರು ಹಾಕಿಸುವಂಥ ರೀಚಾರ್ಜನ್ನೇ ಹಾಕಿಸಬೇಕಾಗಿತ್ತು. ಕರೆ ಮತ್ತು ಎಸ್‌ಎಂಎಸ್‌ಗೆ ಮಾತ್ರ ಸೀಮಿತವಾದ ಯೋಜನೆಗಳನ್ನೂ ಕೊಡಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2024ರ ಡಿಸೆಂಬರ್‌ನಲ್ಲಿ ನಿಯಮ ತಂದದ್ದು ಸರಿಯಾದ ಹೆಜ್ಜೆಯೇ. ಆದರೆ ಅದು ಬಾಯಿ ಮಾತಾಡುವ ಮನುಷ್ಯರನ್ನು ನೆನೆದು ಮಾಡಿದ ನಿಯಮ. ಆ್ಯಪ್‌ನಿಂದ ನಡೆಯುವ ಸ್ಟಾರ್ಟರ್‌ಗೆ ಬೇಕಾದ ಚೂರುಪಾರು ಡೇಟಾ ಅದರಲ್ಲಿಲ್ಲ.

ಪಹಣಿ ತೋರಿಸಿದ ರೈತನಿಗೆ ಯಂತ್ರಗಳ ಸಿಮ್ ತಾಲ್ಲೂಕು ಮಟ್ಟದಲ್ಲೇ ಸಿಗುವಂತೆ, ವರ್ಷಕ್ಕೊಮ್ಮೆ ತುಂಬುವ ಅಲ್ಪ ಶುಲ್ಕದ ಯೋಜನೆಯನ್ನು ದೂರಸಂಪರ್ಕ ಕಂಪನಿಗಳು ತರಬೇಕು. ಅವಧಿ ಮುಗಿಯುವ ಸೂಚನೆ ಮಾಲೀಕನ ಮೊಬೈಲಿಗೂ ಬರಬೇಕು. ಸ್ಟಾರ್ಟರ್ ತಯಾರಕರೂ, ಸಂಪರ್ಕ ಕಡಿದಾಗ ನಿಗದಿತ ಹೊತ್ತಿಗೆ ಮೋಟರ್ ತಾನಾಗಿ ನಿಲ್ಲುವ ಟೈಮರನ್ನು ಡಬ್ಬಿಯಲ್ಲೇ ಅಳವಡಿಸಿ, ಅದನ್ನು ಹೊಂದಿಸುವ ಬಗೆಯನ್ನು ಕನ್ನಡದಲ್ಲಿ ಮುಚ್ಚಳದ ಮೇಲೆಯೇ ಅಚ್ಚು ಹಾಕಿಸಬೇಕೆಂದು ಕೋರುತ್ತೇನೆ.

– ಒಬ್ಬ ಕಬ್ಬು ಬೆಳೆಗಾರ, ಅಫಜಲಪುರ ತಾಲ್ಲೂಕು, ಕಲಬುರಗಿ ಜಿಲ್ಲೆ