ಸಂಶೋಧನೆಗೆ ಹೊರಟ ತಮ್ಮನ ಮಗಳಿಗೆ

ಮಡಿಕೇರಿ

ಚಿರಂಜೀವಿ ಮಗಳೇ,

ದೊಡ್ಡಪ್ಪನ ಆಶೀರ್ವಾದಗಳು. ಎಂ.ಡಿ. ಮುಗಿಸಿ, ರಕ್ತ ಹೆಪ್ಪುಗಟ್ಟುವ ರೋಗಗಳ ಸಂಶೋಧನೆಗೆ ಸೇರುತ್ತಿದ್ದೀಯೆಂದು ನಿನ್ನ ಅಪ್ಪ ಹೇಳಿದ. ಬದುಕಿಡೀ ಇದೇ ಕೆಲಸ ಮಾಡಿದ ನನಗೆ ಎಷ್ಟು ಸಂತೋಷವಾಯಿತೆಂದು ನಿನಗೇ ಗೊತ್ತಾಗುತ್ತದೆ. ಆದರೆ ಲ್ಯಾಬ್ ಸಿಕ್ಕಿತೆಂದು ಇನ್ನು ವಾರ್ಡಿನ ಕಡೆ ಹೋಗುವುದಿಲ್ಲ ಎಂದಿದ್ದೀಯಂತೆ. ಅದೊಂದನ್ನು ಮಾಡಬೇಡ.

ರಕ್ತ ಹೆಪ್ಪುಗಟ್ಟದಂತೆ ತಡೆಯಲು ನಾವು ದಿನವೂ ಬರೆದುಕೊಡುವ ವಾರ್ಫರಿನ್ ಎಲ್ಲಿಂದ ಬಂತು ನೋಡು. 1920ರ ದಶಕದಲ್ಲಿ ಉತ್ತರ ಅಮೆರಿಕದ ದನಗಳು ಬೂಷ್ಟು ಹಿಡಿದ ಸ್ವೀಟ್ ಕ್ಲೋವರ್ ಮೇವು ತಿಂದು, ರಕ್ತ ನಿಲ್ಲದೆ ಸಾಯುತ್ತಿದ್ದವು. 1933ರಲ್ಲಿ ವಿಸ್ಕಾನ್ಸಿನ್‌ನ ರೈತನೊಬ್ಬ ಸತ್ತ ಹಸುವನ್ನೂ ಹೆಪ್ಪುಗಟ್ಟದ ರಕ್ತ ತುಂಬಿದ ಹಾಲಿನ ಕ್ಯಾನನ್ನೂ ಹೇರಿಕೊಂಡು, ಹಿಮಗಾಳಿಯಲ್ಲಿ ಜೀವರಸಾಯನ ವಿಜ್ಞಾನಿ ಕಾರ್ಲ್ ಪಾಲ್ ಲಿಂಕ್ ಅವರ ಪ್ರಯೋಗಾಲಯಕ್ಕೆ ಬಂದ. ಆಗ ಅವನಿಗೆ ಕೊಡಲು ಲಿಂಕ್ ಬಳಿ ಮದ್ದಿರಲಿಲ್ಲ. ಆದರೂ ಆ ಪ್ರಶ್ನೆಯನ್ನು ಅವರು ಕೈಬಿಡಲಿಲ್ಲ. 1939ರಲ್ಲಿ ಅವರ ತಂಡ, ಆ ಮೇವಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತಿದ್ದ ಡೈಕುಮರಾಲ್ ಎಂಬ ವಸ್ತುವನ್ನು ಬೇರ್ಪಡಿಸಿತು. ಅದರ ಜಾಡಿನಲ್ಲಿ ಹುಟ್ಟಿದ ವಾರ್ಫರಿನ್ 1948ರಲ್ಲಿ ಇಲಿ ಪಾಷಾಣವಾಯಿತು, 1954ರಲ್ಲಿ ಮನುಷ್ಯರ ಔಷಧಿಯಾಯಿತು.

ನಮ್ಮ ಕೊಡಗಿನಲ್ಲೂ ಇಂಥ ಪ್ರಶ್ನೆಗಳು ಬಾಗಿಲಿಗೇ ಬರುತ್ತವೆ. ಮಳೆಗಾಲದ ಕಕ್ಕಡ ತಿಂಗಳ ಹದಿನೆಂಟರಂದು ಮನೆಮನೆಯಲ್ಲೂ ಮದ್ದು ಸೊಪ್ಪಿನ ಪಾಯಸ. ಹೃದಯಕ್ಕೆ ಲೋಹದ ಕವಾಟ ಹಾಕಿಸಿಕೊಂಡು ವಾರ್ಫರಿನ್ ನುಂಗುವ ಅಜ್ಜಿಯೂ ಒಂದು ಬಟ್ಟಲು ಉಣ್ಣುತ್ತಾಳೆ. ಆಮೇಲೆ ಮೂತ್ರ ಕೆಂಪಾಗಿ ಹೋಗುತ್ತದೆ. ಅದು ಸೊಪ್ಪಿನ ಬಣ್ಣವೆಂದು ಊರಿಗೆಲ್ಲ ಗೊತ್ತು. ಹೊರಗಿನಿಂದ ಬಂದ ಡಾಕ್ಟರಿಗೆ ಮಾತ್ರ ರಕ್ತಸ್ರಾವವೆಂದು ಎದೆ ಧಸಕ್ಕೆನ್ನುತ್ತದೆ. ನೀನು ಎರಡೂ ಕಡೆ ಎಚ್ಚರವಾಗಿರಬೇಕು. ಸೊಪ್ಪು ತಿಂದಿದ್ದೀರಾ ಎಂದು ಕೇಳು. ತಿಂದಿದ್ದೇನೆ ಎಂದರೂ ಮೂತ್ರದಲ್ಲಿ ರಕ್ತಕಣಗಳಿವೆಯೇ ಎಂದು ನೋಡದೆ, ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ತಿಳಿಸುವ ಪರೀಕ್ಷೆ) ಮಾಡಿಸದೆ ಮನೆಗೆ ಕಳುಹಿಸಬೇಡ. ಹಸಿರು ಸೊಪ್ಪುಗಳಲ್ಲಿನ ವಿಟಮಿನ್ ಕೆ ವಾರ್ಫರಿನ್ನಿನ ಶಕ್ತಿ ತಗ್ಗಿಸುತ್ತದೆಂದು ಓದಿದ ನಿನಗೆ, ಹಬ್ಬದ ಪಾಯಸ ಬೇಡವೆಂದು ಗದರುವುದು ಸುಲಭ. ಗದರಿದರೆ ಮುಂದಿನ ವರ್ಷ ಅಜ್ಜಿ ಬಚ್ಚಿಟ್ಟುಕೊಂಡು ತಿನ್ನುತ್ತಾಳೆ, ಅಷ್ಟೇ. ಅದರ ಬದಲು, ಕಕ್ಕಡಕ್ಕೆ ಮೊದಲೊಮ್ಮೆ, ನಂತರವೊಮ್ಮೆ ಐಎನ್‌ಆರ್ ಮಾಡಿಸಿ ಬರೆದಿಡು. ಕಾರ್ಮಿಕರ ಲೈನ್ ಮನೆಗಳಲ್ಲಿ, ತೋಟಗಳಲ್ಲಿ ಇಂಥವರು ಎಷ್ಟೋ ಮಂದಿ ಇದ್ದಾರೆ. ಪಾಯಸದಿಂದ ವಾರ್ಫರಿನ್ನಿನ ಶಕ್ತಿ ನಿಜಕ್ಕೂ ತಗ್ಗುತ್ತದೆಯೇ ಎಂಬ ಪ್ರಶ್ನೆ ಲ್ಯಾಬಿನಲ್ಲೇ ಕುಳಿತವರಿಗೆ ಕನಸಿನಲ್ಲೂ ಬರುವುದಿಲ್ಲ.

ಹಾಗೆಂದು ನಾಲ್ಕು ರೋಗಿಗಳನ್ನು ಕಂಡು ತೀರ್ಪು ಕೊಡಬೇಡ. ಹೃದಯಾಘಾತದಲ್ಲಿ ಆಸ್ಪಿರಿನ್ ಮತ್ತು ಹೆಪ್ಪು ಕರಗಿಸುವ ಸ್ಟ್ರೆಪ್ಟೊಕೈನೇಸ್ ಜೀವ ಉಳಿಸುತ್ತವೆಂದು 1988ರ ಐಸಿಸ್-2 ಅಧ್ಯಯನ ತೋರಿಸಿಕೊಟ್ಟದ್ದು 17,187 ರೋಗಿಗಳನ್ನು ಗಮನಿಸಿದ ಮೇಲೆ. ಪ್ರಶ್ನೆ ಒಬ್ಬರಿಂದ ಬರಬಹುದು, ಉತ್ತರಕ್ಕೆ ಸಾವಿರಾರು ಜನ ಬೇಕು.

ಇನ್ನು, ಗೈಡ್ ಯಾರೆಂದು ನಿರ್ಧರಿಸುವಾಗ ಅವರ ಪ್ರಬಂಧಗಳನ್ನು ಎಣಿಸುವ ಮೊದಲು ವಾರಕ್ಕೊಮ್ಮೆಯಾದರೂ ಹೊರರೋಗಿ ವಿಭಾಗದಲ್ಲಿ ಕೂರುತ್ತಾರೆಯೇ ವಿಚಾರಿಸು. ಕೂರುವವರಾದರೆ ಆ ದಿನ ನಿನಗೂ ಅಲ್ಲೊಂದು ಕುರ್ಚಿ ಬೇಕೆಂದು ಸೇರುವ ಮೊದಲೇ ಕೇಳಿಬಿಡು.

ನಿನ್ನ ದೊಡ್ಡಪ್ಪ